ಸೆಟ್ ಎಂಬ ಕಿರುಪದದ ಮಹಾಸಂಸಾರ

ಆಂಗ್ಲಭಾಷೆಯನ್ನು ಕಲಿಯಲೆಳಸುವವನು ಲ್ಯಾಟಿನ್, ಗ್ರೀಕ್ ಮೂಲದ ದೀರ್ಘಪದಗಳನ್ನು ಕಂಡು ಅಂಜುವನಾದರೂ, ಅವು ಬಹುಮಟ್ಟಿಗೆ ಸಾಧುಸ್ವಭಾವದವು. ನಿಘಂಟನ್ನು ಒಮ್ಮೆ ತೆರೆದರೆ ತಮ್ಮ ಅರ್ಥವನ್ನು ಒಪ್ಪಿಸಿ ಸುಮ್ಮನಾಗುವುವು. ಕಾಡುವುದು ‘ಸೆಟ್’ನಂಥ ಕಿರುಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿದೀರ್ಘವಾದ ನಮೂದು ಈ ಕ್ರಿಯಾಪದದ್ದೇ. ಅದರ ವಿವರಣೆಗೆ ಸುಮಾರು 60,000 ಪದಗಳು ವೆಚ್ಚವಾದುವು. ಬರಿಯ ಕ್ರಿಯಾಪದಕ್ಕೇ ಸುಮಾರು 430 ಅರ್ಥಗಳು. ನುಡಿಗಟ್ಟುಗಳನ್ನೂ ಕೂಡಿಸಿದರೆ ಸುಮಾರು 580.

ಇಷ್ಟೊಂದು ಅರ್ಥಗಳು ಹುಟ್ಟಿದ ಬಗೆಯೇನು? ಕುಳಿತುಕೊಳ್ಳುವುದಕ್ಕೆ ಪ್ರಾಚೀನ ಆಂಗ್ಲದಲ್ಲಿ ‘ಸಿಟ್ಟನ್’ ಎಂಬ ಕ್ರಿಯಾಪದವಿದ್ದು, ಅದರ ಪ್ರೇರಣಾರ್ಥಕ ರೂಪವಾದ ‘ಸೆಟ್ಟನ್’ ಎಂಬುದಕ್ಕೆ ಕೂರಿಸು ಎಂದರ್ಥ. ನಮ್ಮ ಸದನ, ಸಂಸತ್ತು, ಉಪನಿಷತ್ತುಗಳಲ್ಲಿ ಅಡಗಿರುವ ಸಂಸ್ಕೃತದ ‘ಸದ್’ ಧಾತು ಇದರ ದೂರದ ದಾಯಾದಿಯೆಂದು ಭಾಷಾವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಅಕ್ಕಸಾಲಿಗನು ಉಂಗುರದಲ್ಲಿ ಹರಳನ್ನು ಕೂರಿಸುವುದೂ, ವೈದ್ಯನು ಮುರಿದ ಮೂಳೆಯನ್ನು ಸ್ವಸ್ಥಾನಕ್ಕೆ ತರುವುದೂ, ಮುದ್ರಣಾಲಯದಲ್ಲಿ ಅಚ್ಚುಮೊಳೆಗಳನ್ನು ಜೋಡಿಸುವುದೂ, ಗಡಿಯಾರದ ಮುಳ್ಳನ್ನು ಸರಿಯಾದ ವೇಳೆಗೆ ನಿಲ್ಲಿಸುವುದೂ, ಕಲಸಿದ ಸಿಮೆಂಟು ಗಟ್ಟಿಗೊಳ್ಳುವುದೂ, ಕಡೆಗೆ ಸೂರ್ಯನು ಪಡುವಣದಲ್ಲಿ ಅಸ್ತಮಿಸುವುದೂ ಇಂಗ್ಲಿಷರಿಗೆ ‘ಸೆಟ್’ ಎಂಬ ಒಂದೇ ವ್ಯಾಪಾರ. ಬೇರೆಬೇರೆಯಾಗಿ ಕಾಣುವ ಈ ಕ್ರಿಯೆಗಳಲ್ಲೆಲ್ಲ, ಒಂದು ವಸ್ತು ತನ್ನ ನೆಲೆಯಲ್ಲಿ ಕೂರುವ ಭಾವ ಅಂತಃಸ್ರೋತದಂತೆ ಹರಿದಿರುವುದನ್ನು ಗಮನಿಸಿದರೆ ಮೊದಲಿನ ದಿಗ್ಭ್ರಮೆ ಅರ್ಧಕ್ಕರ್ಧ ಕಳೆಯುತ್ತದೆ. ನಾಟಕರಂಗದ, ಚಲನಚಿತ್ರದ ಸೆಟ್ಟೂ ಈ ಮನೆತನಕ್ಕೇ ಸೇರಿದುದು.

ಆದರೆ ಸಮೂಹವೆಂಬರ್ಥದ ನಾಮಪದದ ಕುಲ ಬೇರೆ. ಅದು ಅನುಸರಣೆಯನ್ನು, ಅನುಯಾಯಿಗಳ ಪಂಗಡವನ್ನು ಹೇಳುತ್ತಿದ್ದ ಲ್ಯಾಟಿನ್ನಿನ ‘ಸೆಕ್ಟಾ’ ಪದದಿಂದ, ಹಳೆಯ ಫ್ರೆಂಚಿನ ಮಾರ್ಗವಾಗಿ ಬಂದು, ರೂಪಸಾಮ್ಯದ ನಿಮಿತ್ತ ದೇಶೀಯ ಪದದೊಡನೆ ಬೆರೆತುಹೋಯಿತು. ಚಹಾದ ಬಟ್ಟಲುಗಳ ಸೆಟ್ಟಾಗಲಿ, ಗಣಿತಜ್ಞ ಕ್ಯಾಂಟರನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರತಿಷ್ಠಾಪಿಸಿದ, ನಮ್ಮ ಪಠ್ಯಪುಸ್ತಕಗಳು ‘ಗಣ’ವೆಂದು ಕರೆದ ಸೆಟ್ಟಾಗಲಿ ಈ ಶಾಖೆಯವು. ನಮ್ಮ ಹೋಟೆಲುಗಳ ಸೆಟ್ ದೋಸೆ, ಎರಡು ಮೂರು ಮೃದುವಾದ ದೋಸೆಗಳ ಗುಂಪಾದುದರಿಂದ, ವಂಶಾವಳಿಯಲ್ಲಿ ಕ್ಯಾಂಟರನ ಗಣಕ್ಕೆ ಸೋದರನೇ ಸರಿ!

ಬಹುಕಾಲ ನಿಘಂಟಿನಲ್ಲಿ ಅಗ್ರಪೀಠವನ್ನಲಂಕರಿಸಿದ್ದ ಈ ಪದಕ್ಕೆ ಆ ಪದವಿ ಶಾಶ್ವತವಾಗಲಿಲ್ಲ. ಮೂರನೆಯ ಆವೃತ್ತಿಗಾಗಿ ನಡೆದ ಪರಿಷ್ಕರಣದಲ್ಲಿ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’ ಅದನ್ನು ಮೀರಿದುವು. 2011ರಲ್ಲಿ ‘ರನ್’ ಎಂಬ ಮತ್ತೊಂದು ಕಿರುಪದ 645 ಅರ್ಥಗಳೊಡನೆ ಆ ಸ್ಥಾನವನ್ನೇರಿತು.