ಶೂನ್ಯ ಗುಂಪಿನ ಏಳನೆಯ ಸದಸ್ಯ

ಈ ಶಾಲೆಯಲ್ಲಿ ನನ್ನಿಂದ ರಸಾಯನಶಾಸ್ತ್ರದ ಪಾಠ ಕೇಳಿದವರಿಗೆ ಆವರ್ತಕ ಕೋಷ್ಟಕದ ಬಲತುದಿಯ ‘ಶೂನ್ಯ ಗುಂಪು’ ನೆನಪಿರಬಹುದು. ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್ - ಆರೂ ಅನಿಲಗಳು, ಯಾರ ಗೊಡವೆಗೂ ಹೋಗದವು ಎಂದು ಹೇಳಿಕೊಡುತ್ತಿದ್ದೆ. (ಕ್ಸೆನಾನ್ 1962ರಲ್ಲಿಯೇ ಈ ಮಾತನ್ನು ಮುರಿದಿತ್ತು, ಪಠ್ಯಪುಸ್ತಕಗಳು ನಿಧಾನವಾಗಿ ಒಪ್ಪಿಕೊಂಡವು.) ಆ ಕಂಬಸಾಲಿನ ಅಡಿಯಲ್ಲಿ ಈಗ ಓಗನೆಸ್ಸಾನ್ ಬಂದು ಕುಳಿತಿದೆ. ಅದು ಜಡವೂ ಅಲ್ಲ, ಅನಿಲವೂ ಅಲ್ಲವೆಂದು ಲೆಕ್ಕಾಚಾರಗಳು ನುಡಿಯುತ್ತವೆ. ಹಾಗಾದರೆ ಗುಂಪನ್ನು ನೋಡಿ ಗುಣವನ್ನು ಹೇಳುವ ಮೆಂಡಲೀವನ ಕ್ರಮ ಇಲ್ಲಿಗೆ ಮುಗಿಯಿತೇ?

ಪ್ರಕೃತಿಯಲ್ಲಿ ಕಾಣದ ಈ ಮೂಲವಸ್ತುವನ್ನು 2002ರಲ್ಲಿ ರಷ್ಯದ ದುಬ್ನಾದಲ್ಲಿ, ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರ ಸಹಯೋಗದಿಂದ ಮೊದಲು ಪಡೆದರು. ಕ್ಯಾಲಿಫೋರ್ನಿಯಂ-249ರ ಲೇಪದ ಮೇಲೆ ಕ್ಯಾಲ್ಸಿಯಂ-48ರ ನ್ಯೂಕ್ಲಿಯಸ್ಸುಗಳನ್ನು ಮಹಾವೇಗದಿಂದ ಅಪ್ಪಳಿಸಿದರು. ಲೆಕ್ಕ ಮಕ್ಕಳಿಗೂ ತಿಳಿಯುವಂಥದು: ಪ್ರೋಟಾನುಗಳು 98 ಮತ್ತು 20 ಕೂಡಿ 118, ರಾಶಿಸಂಖ್ಯೆ 249 ಮತ್ತು 48 ಕೂಡಿ 297, ಮೂರು ನ್ಯೂಟ್ರಾನುಗಳು ಸಿಡಿದುಹೋಗಿ ಉಳಿದದ್ದು 294. ಅರ್ಧಾಯುಷ್ಯ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಇದುವರೆಗೆ ಕಂಡ ಪರಮಾಣುಗಳನ್ನು ಕೈಬೆರಳುಗಳಲ್ಲಿ ಎಣಿಸಬಹುದು. ಅವನ್ನು ಗುರುತಿಸಿದ್ದು ಸಾಯುವ ಕ್ರಮದಿಂದ: ಆಲ್ಫಾ ಕಣವೊಂದನ್ನು ಉಗುಳಿ 116, ಮತ್ತೊಂದನ್ನು ಉಗುಳಿ 114, ಹೀಗೆ ಇಳಿಯುತ್ತ ಕೊನೆಗೆ ಒಡೆದುಹೋಗುತ್ತದೆ.

ಇಂಥಲ್ಲಿ ಪ್ರಾಮಾಣಿಕತೆಯೇ ಮುಖ್ಯ. 1999ರಲ್ಲಿ ಬರ್ಕ್ಲಿಯ ತಂಡವೊಂದು 118ನ್ನು ಕಂಡೆವೆಂದು ಸಾರಿತು. ಬೇರೆಡೆ ಅದು ಮರುಕಳಿಸಲಿಲ್ಲ. ಅಂಕಿಗಳು ಕೃತಕವೆಂದು ತನಿಖೆಯಲ್ಲಿ ತಿಳಿದು, 2002ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ದುಬ್ನಾದವರ ಶೋಧಕ್ಕೆ ಮನ್ನಣೆ ದೊರೆತದ್ದು 2015ರ ಡಿಸೆಂಬರಿನಲ್ಲಿ. ಮರುವರ್ಷ ಯೂರಿ ಓಗನೆಸ್ಯಾನ್ ಅವರ ಹೆಸರನ್ನು, ಅವರು ಬದುಕಿರುವಾಗಲೇ, ಇಟ್ಟರು. ಗುಂಪಿನ ಮರ್ಯಾದೆಗಾಗಿ ಹೆಸರಿನ ತುದಿಯಲ್ಲಿ ‘ಆನ್’ ಸೇರಿಸಿದ್ದು ನನಗೆ ತಮಾಷೆಯಾಗಿ ತೋರುತ್ತದೆ.

ಏಕೆಂದರೆ 118 ಧನಾವೇಶಗಳ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಬಹುಪಾಲನ್ನು ಮುಟ್ಟುತ್ತವೆ. ಐನ್‌ಸ್ಟೈನರ ಸಾಪೇಕ್ಷತೆ ಅಲ್ಲಿ ಅಲಕ್ಷಿಸುವಂಥದಲ್ಲ. ಕೆಲವು ಕಕ್ಷಕಗಳು ಕುಗ್ಗುತ್ತವೆ, ಹೊರಗಿನ ಕೆಲವು ಹರಡಿಕೊಳ್ಳುತ್ತವೆ. ಕವಚಗಳ ಅಂಚು ಮಸುಕಾಗುತ್ತದೆ. ಅಂಥ ಸಡಿಲ ಮೋಡವುಳ್ಳ ಪರಮಾಣುಗಳು ಪರಸ್ಪರ ಹೆಚ್ಚಾಗಿ ಆಕರ್ಷಿಸುತ್ತವೆ. ರೇಡಾನ್ ಸೊನ್ನೆಗಿಂತ 62 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿದರೆ, ಓಗನೆಸ್ಸಾನ್ ಸುಮಾರು 52 ಡಿಗ್ರಿಯಲ್ಲಿ ಕರಗುವ ಘನವೆಂದು 2020ರ ಗಣನೆ ಹೇಳುತ್ತದೆ.

ಮೆಂಡಲೀವನ ಕ್ರಮ ಸುಳ್ಳಾಯಿತೆಂದು ನಾನು ಒಪ್ಪಲಾರೆ. ಸ್ಥಾನವನ್ನು ನಿರ್ಧರಿಸುವ ಎಲೆಕ್ಟ್ರಾನುಗಳ ಎಣಿಕೆ ಬದಲಾಗಿಲ್ಲ. ನಡತೆಯನ್ನು ಮಾತ್ರ ಅದೊಂದರಿಂದಲೇ ಊಹಿಸಲಾಗದು. ಸೆಕೆಂಡುಗಟ್ಟಲೆ ಬದುಕುವ ಫ್ಲೆರೋವಿಯಂ ಚಿನ್ನದ ಮೇಲ್ಮೈಗೆ ಅಂಟುತ್ತದೆಯೇ ಎಂದು ಒಂದೊಂದೇ ಪರಮಾಣುವನ್ನು ಹಾಯಿಸಿ ನೋಡಿದ್ದಾರೆ. ಓಗನೆಸ್ಸಾನಿಗೆ ಅಷ್ಟು ದೂರ ಸಾಗುವ ಆಯುಷ್ಯವಿಲ್ಲ. ಇನ್ನಷ್ಟು ಭಾರದ ಐಸೋಟೋಪು ದೊರೆಯಬೇಕು.