ಮನೆಯ ನಿವೇಶನ: ಕಡತದಲ್ಲೂ ನೋಡಿ, ಕಣ್ಣಾರೆಯೂ ನೋಡಿ

ಮನೆ ಕಟ್ಟಿ ನೋಡು ಎಂದ ಹಿರಿಯರು ಕಟ್ಟುವ ಕಷ್ಟವನ್ನು ಸೂಚಿಸಿದರು. ನಮ್ಮ ಕಾಸರಗೋಡಿನಲ್ಲಿ ಅದಕ್ಕೂ ಮೊದಲಿನ ಕಷ್ಟವೊಂದಿದೆ. ಕೊಳ್ಳಲಿರುವ ಸ್ಥಳವು ಮನೆಗೆ ತಕ್ಕುದೇ ಎಂದು ಅರಿಯುವುದೇ ಆ ಕಷ್ಟ. ಜೀವಮಾನದ ಗಳಿಕೆಯನ್ನು ಹತ್ತು ಸೆಂಟ್ಸ್ ನೆಲಕ್ಕೆ ಸುರಿಯುವ ಕುಟುಂಬಗಳು ಮುಂಗಡ ಕೊಡುವ ಮೊದಲು ಅದನ್ನು ಕಡತದಲ್ಲೂ ಕಣ್ಣಾರೆಯೂ ಪರೀಕ್ಷಿಸಬೇಕೆಂದು ನಾವು ಬಯಸುತ್ತೇವೆ.

ಮೊದಲು ಕಡತ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಬಳಿಕ ಭೂದಾಖಲೆಗಳಲ್ಲಿ ಮಲಯಾಳದ ಪದಗಳು ತುಂಬಿಕೊಂಡವು. ಅವುಗಳಲ್ಲಿ ‘ನಿಲಂ’ ಎಂಬುದನ್ನು ಕಂಡ ಕನ್ನಡಿಗನಿಗೆ ಅದು ‘ನೆಲ’ವೆಂದೇ ತೋರುವುದು ಸಹಜ. ಆದರೆ ಕಂದಾಯದ ಪರಿಭಾಷೆಯಲ್ಲಿ ನಿಲಂ ಎಂದರೆ ಗದ್ದೆ. ಮನೆ, ಹಿತ್ತಿಲುಗಳ ಒಣ ಸ್ಥಳವು ‘ಪುರಯಿಡಂ’. ಗದ್ದೆಗೆ ಮಣ್ಣು ತುಂಬಿ ತೆಂಗು ನೆಟ್ಟು ಹಲವು ವರ್ಷಗಳೇ ಕಳೆದಿದ್ದರೂ ಕಡತದಲ್ಲಿ ಅದು ನಿಲಂ ಆಗಿಯೇ ಉಳಿದಿರಬಹುದು. ಗದ್ದೆ ಮತ್ತು ಜೌಗು ಪ್ರದೇಶಗಳ ಸಂರಕ್ಷಣೆಗಾಗಿ ಕೇರಳವು 2008ರಲ್ಲಿ ತಂದ ಕಾಯಿದೆಯಂತೆ ‘ಡೇಟಾ ಬ್ಯಾಂಕ್’ ಎಂಬ ಪಟ್ಟಿಯಿದೆ. ಅದರಲ್ಲಿ ಸೇರಿದ ಸ್ಥಳದಲ್ಲಿ ಮನೆ ಕಟ್ಟಲು ಅನುಮತಿ ದೊರೆಯುವುದು ದುರ್ಲಭ. ಪಟ್ಟಿಯಲ್ಲಿಲ್ಲದ ನಿಲಂ ಆದರೂ, 2018ರ ತಿದ್ದುಪಡಿಯ ಮೇರೆಗೆ ಸಾಮಾನ್ಯವಾಗಿ ಕಂದಾಯ ಅಧಿಕಾರಿಗಳಿಂದ ಸ್ವರೂಪ ಬದಲಾವಣೆಯ ಅಪ್ಪಣೆ ಪಡೆಯಬೇಕಾಗುತ್ತದೆ. ಆದುದರಿಂದ ಮಾರುವವರ ಮಾತನ್ನಷ್ಟೇ ನಂಬದೆ, ವಿಲ್ಲೇಜ್ ಕಚೇರಿಯ ಮೂಲ ತೆರಿಗೆ ದಾಖಲೆಯನ್ನೂ ಈ ಪಟ್ಟಿಯನ್ನೂ ಮಲಯಾಳ ಬಲ್ಲ ಆಪ್ತರಿಂದ ಓದಿಸಿ ಕೇಳುವುದು ಕ್ಷೇಮ. ಸಾಲ, ಅಡಮಾನಗಳನ್ನು ತಿಳಿಯಲು ಋಣಭಾರ ಪತ್ರವೂ ಬೇಕು.

ಇನ್ನು ಕಣ್ಣಾರೆ ನೋಡತಕ್ಕದ್ದು. ನಮ್ಮ ಗುಡ್ಡಗಳಲ್ಲಿ ಹಲವೆಡೆ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಮೆತ್ತನೆಯ ಜೇಡಿಮಣ್ಣು. ಮೇಲಿನ ಕಲ್ಲನ್ನು ನಂಬಿ ಗುಡ್ಡವನ್ನು ನೆಟ್ಟಗೆ ಕಡಿದರೆ, ಮಳೆನೀರು ಇಂಗಿ ಜೇಡಿ ನೆನೆದಾಗ ಧರೆ ಕುಸಿಯುತ್ತದೆ. ಧರೆಯ ನೆತ್ತಿಯಲ್ಲಿ ಬಿರುಕು, ಬಾಗಿದ ಮರಗಳು, ಬುಡದಲ್ಲಿ ಹೊಸದಾಗಿ ಒಸರುವ ಕೆಸರುನೀರು ಕಂಡಲ್ಲಿ ಮನೆಯ ಆಸೆಯನ್ನು ಬಿಡುವುದೇ ಲೇಸು.

ನಮ್ಮ ನಾಡಿಗೇ ವಿಶಿಷ್ಟವಾದ ಇನ್ನೊಂದು ಸಂಗತಿ ಸುರಂಗ. ನೀರಿಗಾಗಿ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಇದರ ಬಾಯಿ ಪಕ್ಕದವರ ತೋಟದಲ್ಲಿದ್ದು, ಒಡಲು ನಿಮ್ಮ ನಿವೇಶನದ ಅಡಿಯಲ್ಲಿರಬಹುದು. ಅದರ ಮೇಲೆ ಅಡಿಪಾಯ ಹಾಕಿದರೆ ಮನೆಗೆ ಅಪಾಯ. ಶೌಚದ ಗುಂಡಿ ತೋಡಿದರೆ ನೆರೆಯವರು ಕುಡಿಯುವ ನೀರಿಗೆ ಅಪಾಯ. ಸುರಂಗ ಎತ್ತ ಸಾಗಿದೆಯೆಂದು ಊರ ಹಿರಿಯರನ್ನು ವಿಚಾರಿಸಬೇಕು. ಬಾವಿಗೂ ಶೌಚದ ಗುಂಡಿಗೂ ನಡುವೆ ಏಳೂವರೆ ಮೀಟರ್ ಅಂತರವಿರಬೇಕೆಂಬುದು ನಿಯಮ. ಇಕ್ಕಟ್ಟಿನ ನಿವೇಶನದಲ್ಲಿ ನಿಮ್ಮ ಬಾವಿಯೊಂದಿಗೆ ನೆರೆಯವರ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಸ್ಥಳವನ್ನು ಆಟಿಯ ಮಳೆಯಲ್ಲೊಮ್ಮೆ, ಪಗ್ಗುವಿನ ಬಿಸಿಲಿನಲ್ಲೊಮ್ಮೆ ನೋಡುವುದು ಉತ್ತಮ. ಮೊದಲನೆಯದು ನೀರು ಎಲ್ಲಿ ನುಗ್ಗುವುದೆಂದೂ, ಎರಡನೆಯದು ಬಾವಿಯಲ್ಲಿ ಎಷ್ಟು ಉಳಿಯುವುದೆಂದೂ ತಿಳಿಸುತ್ತದೆ. ಮಕ್ಕಳ ಕಾಲಕ್ಕೂ ನಿಲ್ಲಬೇಕಾದ ಮನೆಗಾಗಿ ಒಂದು ಮಳೆಗಾಲ ಕಾಯುವುದು ತಡವೇನೂ ಅಲ್ಲ.