ಬೇಸಿಗೆಗೆ ಒತ್ತುಶ್ಯಾವಿಗೆ, ತಂಪು ರಸಾಯನ

ಬೈಕಂಪಾಡಿಯ ಪಡುವಣಕ್ಕೆ ಮೀನಕಳಿಯದ ಕಡಲು, ಮೂಡಣಕ್ಕೆ ಕೈಗಾರಿಕಾ ಪ್ರದೇಶ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲಿಗಿಂತ ಸೆಕೆಯೇ ಜೋರು. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಬಿಸಿ ಅನ್ನ, ಸಾರು ಬೇಡವೆನಿಸುವ ಇಂಥ ದಿನಗಳಿಗೆ ತುಳುನಾಡಿನ ಅಡುಗೆಮನೆಯಲ್ಲಿ ಒಂದು ಹಳೆಯ ಜೋಡಿ ಇದೆ: ಅಕ್ಕಿಯ ಒತ್ತುಶ್ಯಾವಿಗೆ, ಜೊತೆಗೆ ಹಣ್ಣಿನ ರಸಾಯನ. ತುಳುವರ ಸೇಮೆದಡ್ಯೆ ಇದೇ ಶ್ಯಾವಿಗೆ.

ತಣ್ಣನೆಯ ಶ್ಯಾವಿಗೆ ಬೇರೆ ನಾಡುಗಳಲ್ಲೂ ಉಂಟು. ಜಪಾನಿನವರು ಸೋಮೆನ್ ಎಂಬ ಗೋಧಿ ಶ್ಯಾವಿಗೆಯನ್ನು ಬೇಯಿಸಿ, ತಣ್ಣೀರಲ್ಲಿ ತೊಳೆದು, ಮಂಜುಗಡ್ಡೆಯೊಂದಿಗೆ ಉಣ್ಣುತ್ತಾರೆ. ಆದರೆ ಅದನ್ನು ಅದ್ದಿಕೊಳ್ಳುವ ಸಾರಿಗೆ ಸಾಮಾನ್ಯವಾಗಿ ಮೀನಿನ ರಸ ಬೀಳುತ್ತದೆ. ತೆಂಗಿನ ಹಾಲು, ತಾಳೆಬೆಲ್ಲ, ಹಿಟ್ಟಿನ ಹಸಿರು ಎಳೆ ಸೇರಿಸಿ ಮಾಡುವ ಇಂಡೊನೇಷ್ಯಾ, ಮಲೇಷ್ಯಾಗಳ ಚೆಂಡೋಲ್ ನಮ್ಮ ರಸಾಯನಕ್ಕೆ ಹತ್ತಿರದ ನೆಂಟ.

ಶ್ಯಾವಿಗೆ ಮಾಡುವ ಬಗೆ

ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ. ಕುಚ್ಚಲಕ್ಕಿಯಾದರೆ ರಾತ್ರಿಯಿಡೀ ನೆನೆಯಲಿ. ಅರ್ಧ ಲೋಟ ತೆಂಗಿನ ತುರಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ತರಿ ಉಳಿದರೆ ಎಳೆ ತುಂಡಾಗುತ್ತದೆ. ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ಬಾಣಲೆ ಬಿಟ್ಟು ಮುದ್ದೆಯಾದಾಗ ಉಂಡೆ ಕಟ್ಟಿ, ಹಬೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಒಂದೊಂದೇ ಉಂಡೆಯನ್ನು ಹಬೆಯಿಂದ ತೆಗೆದ ಕೂಡಲೇ ಶ್ಯಾವಿಗೆ ಮಣೆಗೆ ಹಾಕಿ ಒತ್ತಿ. ಉಳಿದವು ಪಾತ್ರೆಯಲ್ಲೇ ಇರಲಿ; ಆರಿದ ಉಂಡೆ ಗಟ್ಟಿಯಾಗಿ, ಮಣೆಯ ಹಿಡಿ ತಿರುಗಿಸುವವರ ರಟ್ಟೆ ಸೋಲುತ್ತದೆ.

ರಸಾಯನ

ಒಂದು ತೆಂಗಿನಕಾಯಿ ತುರಿದು, ರುಬ್ಬಿ, ಹಾಲು ಹಿಂಡಿ. ಮುಕ್ಕಾಲು ಲೋಟ ಬೆಲ್ಲದ ಪುಡಿಯನ್ನು ಕರಗಿಸಿ, ಸೋಸಿ, ಹಾಲಿಗೆ ಬೆರೆಸಿ, ಏಲಕ್ಕಿ ಪುಡಿ ಹಾಕಿ. ಕಾಯಿಹಾಲನ್ನು ಕುದಿಸಬೇಡಿ, ಒಡೆಯುತ್ತದೆ. ಹಾಲನ್ನು ಫ್ರಿಜ್‌ನಲ್ಲಿಟ್ಟು, ಬಡಿಸುವ ಹೊತ್ತಿಗೆ ಹೆಚ್ಚಿದ ಹಣ್ಣು ಬೆರೆಸಿ. ಮಾವು, ಬಾಳೆ, ಇಬ್ಬುಡ್ಲ (ಕರಬೂಜ) ಯಾವುದಾದರೂ ಆದೀತು. ಬಾಳೆಹಣ್ಣನ್ನು ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ. ಇಬ್ಬುಡ್ಲ ಬೆಲ್ಲದೊಂದಿಗೆ ಸೇರಿ ನೀರು ಬಿಡುತ್ತದೆ. ಮೇಲೆ ಒಂದು ಚಮಚ ಹುರಿದ ಎಳ್ಳು ಉದುರಿಸಿದರೆ ಘಮ ಬೇರೆಯೇ.

ಫ್ರಿಜ್‌ಗೆ ಯಾವುದು?

ಹಲವರು ಶ್ಯಾವಿಗೆಯನ್ನೇ ಫ್ರಿಜ್‌ಗೆ ತುರುಕುತ್ತಾರೆ. ಮರುಹೊತ್ತಿಗೆ ಅದು ಬಿರುಸಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಕಾರಣ ಅಕ್ಕಿಯ ಪಿಷ್ಟ. ಬೇಯುವಾಗ ನೀರು ಹೀರಿ ಸಡಿಲವಾಗುವ ಪಿಷ್ಟದ ಸರಪಳಿಗಳು ತಣಿದಂತೆ ಮತ್ತೆ ಒತ್ತಾಗಿ ಜೋಡಿಕೊಂಡು ನೀರನ್ನು ಹೊರಹಾಕುತ್ತವೆ. ಫ್ರಿಜ್‌ನ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇದು ಇನ್ನೂ ಚುರುಕು. ಗೋಧಿ ಶ್ಯಾವಿಗೆಯಲ್ಲಿ ಎಳೆಯನ್ನು ಹಿಡಿದಿಡಲು ಗ್ಲುಟೆನ್ ಇರುತ್ತದೆ, ಅಕ್ಕಿಯಲ್ಲಿ ಅದಿಲ್ಲ. ಆದ್ದರಿಂದ ಶ್ಯಾವಿಗೆಯನ್ನು ಬಾಳೆಲೆಯ ಮೇಲೆ ಹರವಿ ಆರಲು ಬಿಡಿ. ತಂಪು ರಸಾಯನದಿಂದ ಬರಲಿ.

ಹಾಗೆಂದು ಶ್ಯಾವಿಗೆಯನ್ನು ದಿನವಿಡೀ ಹೊರಗಿಡುವುದೂ ಸಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಹಬೆಗೂ ಸಾಯದೆ ಉಳಿಯಬಲ್ಲವು. ಬೆಂದ ಅಕ್ಕಿ ಸೆಕೆಯಲ್ಲಿ ಕುಳಿತರೆ ಚಿಗುರಿ ವಾಂತಿ, ಭೇದಿ ತರಬಲ್ಲವು. ಕಾಯಿಹಾಲೂ ಬೇಗ ಹಳಸುತ್ತದೆ.

ಸಿಹಿ ಬೇಡವೆನ್ನುವವರು ತಣ್ಣನೆಯ ಮೊಸರು, ಮುಳ್ಳುಸೌತೆಯ ಹೋಳು, ಹಸಿಮೆಣಸು ಬೆರೆಸಿ ಸಾಸಿವೆ ಒಗ್ಗರಣೆ ಕೊಡಬಹುದು. ಯಾವ ಬಗೆಯಾದರೂ ಒಂದು ಹೊತ್ತಿಗೆ ಬೇಕಾದಷ್ಟೇ ಒತ್ತಿ, ಒತ್ತಿದ್ದನ್ನು ಒಂದೆರಡು ಗಂಟೆಯೊಳಗೆ ಉಂಡು ಮುಗಿಸಿ.